ಅಕ್ಕನಾಗಮ್ಮ ಮತ್ತು ಅಮಲೇರದ ಹರಳು

ಪಡಿತರ ಚೀಟಿಯಲ್ಲಿ ಅಕ್ಕನಾಗಮ್ಮನ ಕಸುಬು ಏನೆಂದು ಬರೆಯಬೇಕಾಗಿ ಬಂದಾಗ ಗುಮಾಸ್ತ ಪೆನ್ನು ಹಿಡಿದುಕೊಂಡು ಬಹಳ ಹೊತ್ತು ಸುಮ್ಮನೆ ಕೂತಿದ್ದನಂತೆ. ಕೊನೆಗೆ 'ಮನೆಗೆಲಸ' ಎಂದು ಗೀಚಿ ಕೈತೊಳೆದುಕೊಂಡ. ಅವನನ್ನು ದೂರುವ ಹಾಗಿಲ್ಲ. ಕಂಡವರ ಹರಳನ್ನು ತನ್ನ ದಿಂಬಿನ ಕೆಳಗಿಟ್ಟುಕೊಂಡು ಮೂರು ರಾತ್ರಿ ಮಲಗುವುದು, ನಾಲ್ಕನೆಯ ದಿನ ಅಂಗಡಿಗೆ ಹೋಗಿ ಏನು ಕನಸು ಬಿತ್ತೆಂದು ಹೇಳುವುದು, ಇಂಥ ಕಸುಬಿಗೆ ಸರ್ಕಾರ ಇನ್ನೂ ಹೆಸರಿಟ್ಟಿಲ್ಲ. ಅವಳು ಅದನ್ನು ಬಿಟ್ಟು ಈಗ ಒಂದೂವರೆ ವರ್ಷವಾಯಿತು. ಬಿಟ್ಟದ್ದು ಹೇಗೆ ಎಂಬುದನ್ನೇ ಹೇಳಹೊರಟಿದ್ದೇನೆ.

ನೀಲದ ಹರಳು ಎಲ್ಲರಿಗೂ ಆಗಿಬರುವುದಿಲ್ಲ ಎಂಬುದು ದಾವಣಗೆರೆ ಪೇಟೆಯ ನಂಬಿಕೆ. ಅದು ಶನಿಯ ಹರಳು. ಒಗ್ಗದವರನ್ನು ಮೂರೇ ದಿನದಲ್ಲಿ ಹಾಸಿಗೆ ಹಿಡಿಸುತ್ತದೆ ಎನ್ನುತ್ತಾರೆ. ಅದಕ್ಕೇ ಉಂಗುರ ಮಾಡಿಸುವ ಮುಂಚೆ ಹರಳನ್ನು ಬಟ್ಟೆಯಲ್ಲಿ ಸುತ್ತಿ ಮೂರು ರಾತ್ರಿ ದಿಂಬಿನ ಕೆಳಗಿಟ್ಟು ನೋಡುವ ರೂಢಿ. ಕೆಟ್ಟ ಕನಸು ಬಿದ್ದರೆ ಅಂಗಡಿಯವರು ಮರುಮಾತಿಲ್ಲದೆ ವಾಪಸು ತೆಗೆದುಕೊಳ್ಳಬೇಕು. ಆದರೆ ಆ ಮೂರು ರಾತ್ರಿಗೂ ಹೆದರುವ ಪುಣ್ಯಾತ್ಮರು ಇರುತ್ತಾರಲ್ಲ, ಅಂಥವರಿಗಾಗಿ ಅಕ್ಕನಾಗಮ್ಮ ಇದ್ದಳು. ಚೌಕಿಪೇಟೆಯಲ್ಲಿ ಹರಳಿನ ಅಂಗಡಿ ಇಟ್ಟಿರುವ ಮುದಸ್ಸಿರ್ ಅವರ ತಂದೆಯ ಕಾಲದಲ್ಲಿ ಈ ಉಪಾಯ ಹುಟ್ಟಿತು. ಪಕ್ಕದ ಬಟ್ಟೆ ಅಂಗಡಿಯಲ್ಲಿ ಬಕ್ಕೇಶಪ್ಪ ಎಂಬಾತ ಕೆಲಸಕ್ಕಿದ್ದ. ಅವನ ಹೆಂಡತಿಯೇ ಅಕ್ಕನಾಗಮ್ಮ, ಗಟ್ಟಿ ಎದೆಯವಳು, ಕೊರಳಲ್ಲಿ ಲಿಂಗ ಇದ್ದವಳು. ಲಿಂಗ ಕಟ್ಟಿದವರಿಗೆ ಹರಳು ಏನೂ ಮಾಡದು ಎಂದು ಗಿರಾಕಿಗಳು ಒಪ್ಪಿದರು. ಅವರ ಹೆಸರು ಹೇಳಿ ಹರಳನ್ನು ದಿಂಬಿನ ಕೆಳಗಿಟ್ಟರೆ ಕನಸು ಇವಳಿಗೆ, ಫಲ ಅವರಿಗೆ. ಲಿಂಗವಂತರ ಹೆಣ್ಣುಮಗಳಿಗೆ ಶನಿಯ ಉಸಾಬರಿ ಯಾಕೆಂದು ಓಣಿಯ ಹಿರಿಯರು ಆಡಿಕೊಂಡರು. ಹಾಗೆ ಆಡಿಕೊಂಡವರೇ ಮಗಳ ಮದುವೆ ಗೊತ್ತಾದಾಗ ಹಿತ್ತಿಲ ಬಾಗಿಲಿಂದ ಹರಳು ಹಿಡಿದುಕೊಂಡು ಬಂದರು.

ಇದರಲ್ಲೊಂದು ಗುಟ್ಟಿತ್ತು. ಅಕ್ಕನಾಗಮ್ಮನಿಗೆ ಕನಸೇ ಬೀಳುತ್ತಿರಲಿಲ್ಲ. ತಲೆ ದಿಂಬಿಗೆ ತಾಗಿದರೆ ಹಾಲಿನವನು ಬಾಗಿಲು ಬಡಿಯುವವರೆಗೆ ಸತ್ತಂಥ ನಿದ್ದೆ. ಮೊದಲ ಸಲ, ಏನೂ ಕಾಣಲಿಲ್ಲ ಎನ್ನಲು ನಾಚಿಕೆಯಾಗಿ, ಹಸಿರು ಹೊಲ ಕಂಡಿತು, ಬದುವಿನ ಮೇಲೆ ಬೆಳ್ಳಕ್ಕಿ ಕೂತಿದ್ದವು ಅಂದುಬಿಟ್ಟಳು. ಗಿರಾಕಿಯ ಮುಖ ಅರಳಿತು. ಆಮೇಲೆ ಅದೇ ದಾರಿಯಾಯಿತು. ಬಂದವರ ಮುಖ ನೋಡುತ್ತಿದ್ದಳು, ಅವರಿಗೆ ಒಳಗೊಳಗೇ ಬೇಕಾದ್ದೇನೆಂದು ತಿಳಿಯುತ್ತಿದ್ದಳು, ಅದಕ್ಕೆ ತಕ್ಕ ಕನಸು ಕಟ್ಟುತ್ತಿದ್ದಳು. ಒಲ್ಲದ ವ್ಯಾಪಾರಕ್ಕೆ ಕೈಹಾಕಿ ಹೆದರಿದವನ ಹರಳಿಗೆ ಹೆಡೆಯೆತ್ತಿದ ಹಾವು ಬರುತ್ತಿತ್ತು, ಅವನು ಉಸ್ಸೆಂದು ಹಿಂದೆ ಸರಿಯುತ್ತಿದ್ದ. ಅವಳನ್ನು ಮೋಸಗಾತಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಎಷ್ಟೋ ಜನ ಅವಳ ಸುಳ್ಳಿನಿಂದ ನೆಮ್ಮದಿಯಾಗಿ ಮಲಗಿದ್ದಾರೆ.

ಒಂದೇ ಒಂದು ಸಲ ಅವಳಿಗೆ ನಿಜವಾದ ಕನಸು ಬಿತ್ತು. ಆಗ ಬಕ್ಕೇಶಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಹಿರಿಯ ಮಗ ಕೊಟ್ಟೂರೇಶನಿಗೆ ಇಪ್ಪತ್ತನಾಲ್ಕು, ಕಿರಿಯವ ಮಹಾಂತೇಶನಿಗೆ ಹತ್ತೊಂಬತ್ತು. ಕೊಟ್ಟೂರೇಶನಿಗೆ ಸಾಡೇಸಾತಿ ನಡೆದಿದೆ, ನೀಲ ಹಾಕಿಸಿ ಎಂದು ಜೋಯಿಸರೊಬ್ಬರು ಹೇಳಿದರು. ಅಕ್ಕನಾಗಮ್ಮ ಮಗನ ಹೆಸರು ಹೇಳಿ ಹರಳನ್ನು ಇಟ್ಟುಕೊಂಡಳು. ಮೂರನೆಯ ಬೆಳಗಿನ ಜಾವ ಕಂಡಿತು. ಕಂದು ನೀರು, ಅದರಲ್ಲಿ ಎದೆಮಟ್ಟ ನಿಂತ ಕೊಟ್ಟೂರೇಶ, ಬೆನ್ನು ಇವಳ ಕಡೆಗೆ. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಆದರೆ ತೊಟ್ಟಿಕ್ಕುವ ಸದ್ದು ಇರಲಿಲ್ಲ. ಕರೆದರೂ ಅವನು ತಿರುಗಲಿಲ್ಲ. ಅವಳು ಎದ್ದು ಕೂತಾಗ ಬಾಯಿ ಒಣಗಿತ್ತು. ಪಕ್ಕದ ಚಾಪೆಯಲ್ಲಿ ಮಹಾಂತೇಶ ಕಣ್ಣು ಬಿಟ್ಟುಕೊಂಡು ಮಲಗಿದ್ದ. ತಾಯಿಯನ್ನು ನೋಡಿದ, ಮಾತಾಡಲಿಲ್ಲ.

ಹದಿಮೂರು ವರ್ಷ ತಾನೇ ಕನಸು ಕಟ್ಟಿ ಹಂಚಿದವಳು, ಬಂದ ಒಂದನ್ನು ಹೇಗೆ ನಂಬಿಯಾಳು? ಕನಸಿನಲ್ಲಿ ಹುರುಳಿಲ್ಲ ಎಂದು ಅವಳಷ್ಟು ಚೆನ್ನಾಗಿ ಬಲ್ಲವರು ಊರಲ್ಲೇ ಇರಲಿಲ್ಲ. ಚಹಾ ಕುಡಿಯುವಾಗ ಕೊಟ್ಟೂರೇಶ ಕೇಳಿದ.

"ಹೆಂಗೈತವ್ವ ಹರಳು?"

"ಹಸಿರು ಹೊಲ ಕಂಡಿತಪ್ಪ. ಚಲೋ ಐತೆ, ಹಾಕ್ಕೋ."

ಉಂಗುರ ಹಾಕಿಕೊಂಡ ಹತ್ತೊಂಬತ್ತನೆಯ ದಿನ ಹರಿಹರದ ಗೆಳೆಯನ ಮನೆಗೆ ಹೋದವನು ತುಂಗಭದ್ರೆಗೆ ಸ್ನಾನಕ್ಕೆ ಇಳಿದ. ಈಜು ಬಲ್ಲವನು. ಮಾರನೆಯ ದಿನ ಹಳೇ ಸೇತುವೆಯ ಕೆಳಗೆ ಸಿಕ್ಕ. ಬೆರಳಲ್ಲಿ ಉಂಗುರ ಇರಲಿಲ್ಲ.

ಹರಳಿನಿಂದಲೇ ಹಾಗಾಯಿತೇ ಎಂದು ಹೇಳುವವರು ಯಾರು? ಅಕ್ಕನಾಗಮ್ಮ ಆ ಕನಸನ್ನು ಯಾರ ಮುಂದೆಯೂ ಎತ್ತಲಿಲ್ಲ. ಆದರೆ ತಾನು ನಿದ್ದೆಯಲ್ಲಿ ಕೂಗಿಕೊಂಡಿರಬೇಕು, ಮಹಾಂತೇಶ ಕೇಳಿಸಿಕೊಂಡಿರಬೇಕು, ಎಲ್ಲ ಗೊತ್ತಿದ್ದೂ ಅವ್ವ ಅಣ್ಣನನ್ನು ಕಳಿಸಿದಳು ಎಂದು ಅವನು ತಿಳಿದಿರಬೇಕು ಎಂಬ ಅನುಮಾನ ಅವಳನ್ನು ಹುಳದ ಹಾಗೆ ಕೊರೆಯಿತು. ಅದೇ ವರ್ಷ ಮಹಾಂತೇಶ ಕುಡಿಯಲು ಶುರುಮಾಡಿದ. ಮಂಡಕ್ಕಿ ಭಟ್ಟಿಯಲ್ಲಿ ಚೀಲ ಹೊಲಿಯುವ ಕೆಲಸ, ಸಂಜೆ ಆರಕ್ಕೆ ಕೆಲಸ ಮುಗಿದರೆ ನೇರ ವೈನ್ ಶಾಪು. ಅವಳು ಬೈಯಲಿಲ್ಲ. ಬೈದರೆ ಅವನು ಬಾಯಿ ಬಿಟ್ಟಾನು ಎಂಬ ಹೆದರಿಕೆ.

ಹೀಗೇ ಏಳು ವರ್ಷ ಕಳೆಯಿತು. ಒಂದು ದಿನ ಮಹಾಂತೇಶ ಭಟ್ಟಿಯಲ್ಲೇ ರಕ್ತ ವಾಂತಿ ಮಾಡಿಕೊಂಡು ಬಿದ್ದ. ಡಾಕ್ಟರು ಅವಳನ್ನು ಹೊರಗೆ ಕರೆದು, "ಇನ್ನು ಕುಡಿದ್ರೆ ಆರು ತಿಂಗ್ಳು ಅಷ್ಟೇ ಅಮ್ಮ. ಹೆಂಗಾದ್ರೂ ಬಿಡಿಸ್ರಿ" ಅಂದರು. ಮನೆಗೆ ಬಂದ ನಾಲ್ಕನೇ ದಿನಕ್ಕೆ ಮತ್ತೆ ಕುಡಿದು ಬಂದ. ಉಳಿದಿರುವ ಒಬ್ಬ ಮಗನೂ ಕಣ್ಣೆದುರೇ ಹೋಗುತ್ತಾನೆಂದು ಅಕ್ಕನಾಗಮ್ಮ ಒಲೆಯ ಮುಂದೆ ಕೂತು ಅತ್ತಳು.

ಆ ವಾರವೇ ಮುದಸ್ಸಿರ್ ಅಂಗಡಿಗೆ ಕರೆಸಿದರು.

"ಕೂಡ್ರಿ ನಾಗಕ್ಕ. ಇದು ಜಮುನಿಯಾ. ನೀಲಂ ಬದಲಿಗೆ ಹಾಕ್ತಾರ್ರೀ, ಅಷ್ಟು ಗರಂ ಇಲ್ಲ. ಹರಿಹರದ ಟೀಚರಮ್ಮ ಒಬ್ರು ತಮ್ಮ ಯಜಮಾನ್ರ ಉಂಗುರದ್ದು ಅಂತ ಕೊಟ್ಟು ಹೋದ್ರು. ನಮ್ಮ ಗಿರಾಕಿ ಆಶಾರಾಣಿ ಮೇಡಂಗೆ ಬೇಕಂತೆ. ಮೂರು ದಿನ ನೋಡಿ ಹೇಳ್ರಿ."

ಮಾಗಿದ ನೇರಳೆ ಹಣ್ಣಿನ ಬಣ್ಣದ ಹರಳು, ಹುಣಸೆ ಬೀಜದಷ್ಟು ದಪ್ಪ. ಮನೆಗೆ ತಂದು ಡಬ್ಬಿ ತೆರೆದಾಗ ಮುಚ್ಚಳದ ಒಳಗೆ ಮಡಚಿದ ಚೀಟಿ ಸಿಕ್ಕಿತು. ಮೇಲೊಂದು ಸಾಲು ಅವಳು ಎಂದೂ ಕಾಣದ ಲಿಪಿ. ಅದರ ಕೆಳಗೆ ದುಂಡನೆಯ ಕನ್ನಡ: 'ಅಮೆಥುಸ್ತೊಸ್. ಅಮಲೇರದ್ದು ಎಂದು ಅರ್ಥ. ಆ ಪಟ್ಟಣದ ಹನ್ನೆರಡನೆಯ ಅಡಿಗಲ್ಲು.'

ಯಾವ ಪಟ್ಟಣವೋ ಅವಳಿಗೆ ತಿಳಿಯಲಿಲ್ಲ, ತಿಳಿಯುವ ಉಮೇದೂ ಇರಲಿಲ್ಲ. ಅಮಲೇರದ್ದು ಎಂಬ ಒಂದೇ ಮಾತು ಕಣ್ಣಿಗೆ ಹೊಡೆಯಿತು. ಒಬ್ಬರ ಹೆಸರಿಗೆಂದು ತಂದ ಹರಳನ್ನು ಇನ್ನೊಬ್ಬರ ತಲೆಯ ಕೆಳಗೆ ಇಡಬಾರದು, ಅದು ಆ ಕಸುಬಿನ ಮೊದಲ ನೇಮ. ಕನಸುಗಳಲ್ಲಿ ಎಷ್ಟು ಸುಳ್ಳು ಹೇಳಿದ್ದರೂ ಆ ನೇಮವನ್ನು ಅವಳು ಮುರಿದಿರಲಿಲ್ಲ. ಅವತ್ತು ಮುರಿದಳು. ಮಹಾಂತೇಶ ಕುಡಿದು ಬಂದು ಬಿದ್ದುಕೊಂಡ ಮೇಲೆ ಅವನ ಹೆಸರು ಹೇಳಿ ಅವನ ದಿಂಬಿನ ಕೆಳಗೆ ಸರಿಸಿದಳು.

ಬೆಳಿಗ್ಗೆ ಅವನು ಕೆಲಸಕ್ಕೆ ಹೋದ ಮೇಲೆ ದಿಂಬೆತ್ತಿದರೆ ಹರಳು ಅಲ್ಲಿರಲಿಲ್ಲ. ಹುಡುಕಿದಾಗ ಗೋಡೆಯ ಪಕ್ಕ ಸಿಕ್ಕಿತು, ಹಿಂದೆ ಕೊಟ್ಟೂರೇಶನ ಚಾಪೆ ಹಾಸುತ್ತಿದ್ದ ಜಾಗದಲ್ಲಿ. ಸುತ್ತಿದ್ದ ಬಟ್ಟೆ ತೇವವಾಗಿತ್ತು. ಹೊರಳಾಡುವಾಗ ಜರುಗಿರಬೇಕು, ಬೆವರಿರಬೇಕು ಎಂದು ಸಮಾಧಾನ ಹೇಳಿಕೊಂಡಳು. ಸಂಜೆ ಮಹಾಂತೇಶ ಕುಡಿಯದೆ ಮನೆಗೆ ಬಂದ. ಎರಡು ರೊಟ್ಟಿ ತಿಂದು ಗೋಡೆ ನೋಡುತ್ತಾ ಕೂತ. ಅವಳಿಗೆ ಹಿಡಿಸಲಾರದಷ್ಟು ಸಂತೋಷವಾಯಿತು.

ಎರಡನೆಯ ಬೆಳಿಗ್ಗೆಯೂ ಹರಳು ಗೋಡೆಯ ಬದಿಗೇ ಇತ್ತು. ಬಟ್ಟೆ ಹಿಂಡಿದರೆ ನೀರು ಬರುವಷ್ಟು ಒದ್ದೆ. ಮೂಸಿ ನೋಡಿದಳು, ಬೆವರಿನ ವಾಸನೆಯಲ್ಲ, ಹೊಳೆಯ ಪಾಚಿಯ ವಾಸನೆ. ಆದರೂ ಮೂರನೆಯ ರಾತ್ರಿಗೂ ಇಟ್ಟಳು. ಮಗ ಕುಡಿಯುತ್ತಿಲ್ಲ ಎಂಬುದರ ಮುಂದೆ ಒಂದು ಒದ್ದೆ ಬಟ್ಟೆ ಏನು ಮಹಾ ಎಂದುಕೊಂಡಳು.

ನಾಲ್ಕನೆಯ ದಿನ ಹರಳನ್ನು ಅಂಗಡಿಗೆ ಮುಟ್ಟಿಸಿ, ಏನೂ ಕಾಣಲಿಲ್ಲ ಸಾಬ್ರೇ ಅಂದಳು. ಆ ಕಸುಬಿನಲ್ಲಿ ಅವಳು ಹೇಳಿದ ಮೊದಲ ನಿಜ ಅದು, ಕಡೆಯ ಮಾತೂ ಅದೇ. ಮುದಸ್ಸಿರ್ ಆಶ್ಚರ್ಯದಿಂದ ನೋಡಿ ಹರಳನ್ನು ಒಳಗಿಟ್ಟರು.

ಹರಳು ಹೋದರೂ ಮಹಾಂತೇಶನಿಗೆ ಹಿಡಿದದ್ದು ಹೋಗಲಿಲ್ಲ. ಕುಡಿತದ ಮಾತೇ ಇಲ್ಲ, ಆದರೆ ನಿದ್ದೆಯೂ ಇಲ್ಲ. ಕಣ್ಣು ಮುಚ್ಚಿ ಮಲಗಿರುತ್ತಿದ್ದ, ಕರೆದರೆ ತಕ್ಷಣ ಓಗೊಡುತ್ತಿದ್ದ. ಚಾಪೆಯ ಒಂದು ತುದಿಗೆ ಸರಿದು ಗೋಡೆಯ ಕಡೆ ಜಾಗ ಬಿಟ್ಟಿರುತ್ತಿದ್ದ. ಊಟಕ್ಕೆ ಕೂತಾಗ ಬಾಗಿಲಿಂದ ಯಾರೋ ಬಂದರೆನ್ನುವ ಹಾಗೆ ಕಾಲು ಮಡಚಿಕೊಳ್ಳುತ್ತಿದ್ದ. ಮಟಮಟ ಮಧ್ಯಾಹ್ನ ಭಟ್ಟಿಯ ಮುಂದೆ ನಿಂತು 'ಹೇಳ್ತೀನಿ, ಹೇಳ್ತೀನಿ' ಅನ್ನುತ್ತಿರುತ್ತಾನೆ ಎಂದು ಜೊತೆಗಾರ ತಾರಿಕ್ ಬಂದು ಹೇಳಿದ. ಎಂಟನೆಯ ದಿನ ಕಣ್ಣು ಗುಳಿಬಿದ್ದು ನಡೆಯುವಾಗ ಗೋಡೆ ಹಿಡಿಯತೊಡಗಿದ.

"ಯಾಕಪ್ಪ ಮಲಗವಲ್ಲಿ?" ಎಂದು ಕೇಳಿದಳು.

"ಕತ್ತಲೇನೇ ಆಗವಲ್ದವ್ವ. ಕಣ್ಣು ಮುಚ್ಚಿದ್ರೂ ಬೆಳಕೇ ಐತೆ."

ಕುಡಿತ ಕೊಲ್ಲಲು ಆರು ತಿಂಗಳಾದರೂ ಹಿಡಿಯುತ್ತಿತ್ತು, ಇದು ಆರು ದಿನವೂ ಬಿಡುವ ಹಾಗೆ ಕಾಣಲಿಲ್ಲ. ಅವಳು ಮುದಸ್ಸಿರ್ ಬಳಿ ಟೀಚರಮ್ಮನ ವಿಳಾಸ ಕೇಳಿಕೊಂಡು ಹರಿಹರದ ಬಸ್ಸು ಹತ್ತಿದಳು. ಕೊಟ್ಟೂರೇಶನನ್ನು ತಂದ ದಿನದಿಂದ ಆ ದಾರಿ ತುಳಿದಿರಲಿಲ್ಲ. ದಾರಿಯಲ್ಲಿ ಬಾತಿ ಎಂಬ ಹಳ್ಳಿ ದಾಟುವಾಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡವಳು ಹರಿಹರ ಬರುವವರೆಗೆ ತೆಗೆಯಲಿಲ್ಲ.

ಟೀಚರಮ್ಮನ ಹೆಸರು ಆರೋಗ್ಯಮ್ಮ. ಎಪ್ಪತ್ತರ ಹತ್ತಿರದ, ಸಣಕಲು ಹೆಂಗಸು. ಹನ್ನೊಂದು ಗಂಟೆಯ ಬಿಸಿಲಿನಲ್ಲೂ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ ಮೇಲೆ ಕಪ್ಪು ಬಟ್ಟೆ ಕಟ್ಟಿದ್ದಳು.

"ಬರ್ರಿ, ಒಳಗ ಬರ್ರಿ. ಕತ್ತಲ ಅಂತ ಅನ್ಕೋಬ್ಯಾಡ್ರಿ, ನಂಗ ಅದೇ ಹಿತ ಆಗೇತಿ," ಅಂದಳು. ಅಕ್ಕನಾಗಮ್ಮ ಹರಳಿನ ಮಾತೆತ್ತಿದ ಕೂಡಲೇ ಆರೋಗ್ಯಮ್ಮನ ಮುಖ ಗಂಭೀರವಾಯಿತು. "ಯಾರಿಗೆ ಹಾಕಿದ್ರಿ ಅದನ್ನ?"

ಅಕ್ಕನಾಗಮ್ಮ ಮಗನ ಕುಡಿತ, ಚೀಟಿ, ದಿಂಬು, ಎಂಟು ದಿನದ ಎಚ್ಚರ ಎಲ್ಲ ಹೇಳಿದಳು. ಕನಸಿನ ಸಂಗತಿ ಮಾತ್ರ ಹೇಳಲಿಲ್ಲ. ಎಲ್ಲ ಕೇಳಿಸಿಕೊಂಡು ಆರೋಗ್ಯಮ್ಮ ಹೇಳತೊಡಗಿದಳು.

"ನಮ್ಮೋರು ನಲವತ್ತು ವರ್ಷ ಬೈಬಲಿನ ಗ್ರೀಕ್ ಪಾಠ ಹೇಳಿದ್ರು. ಅಮೆಥುಸ್ತೊಸ್ ಅಂದ್ರೆ ಅವರಿಗೆ ಜೀವ. ಮೊದಲಿನ 'ಅ' ಅನ್ನೋದು 'ಇಲ್ಲ' ಅನ್ನೋಕೆ, ನಮ್ಮ ಅಸತ್ಯ ಅಶಾಂತಿ ಇದ್ದಂಗೆ. ಉಳಿದದ್ದು ಹೆಂಡದ ಮಾತು, ನಮ್ಮ ಮಧು ಅನ್ನೋದಕ್ಕೆ ನೆಂಟ ಅಂತಿದ್ರು. ಆ ಹರಳಿನ ಬಟ್ಟಲಾಗ ಕುಡಿದ್ರೆ ಅಮಲೇರಲ್ಲ ಅಂತ ಗ್ರೀಕರು ನಂಬಿದ್ರಂತೆ. ಅದು ಬರೀ ಮೂಢನಂಬಿಕಿ, ಬಿಡ್ರಿ. ಹಳೇ ಭಾಗದಾಗ ದೊಡ್ಡ ಪುರೋಹಿತನ ಎದಿ ಮ್ಯಾಲೆ ಹನ್ನೆರಡು ಹರಳಿನ ಪದಕ ಬರ್ತತಿ, ಒಂದೊಂದು ಹರಳಿಗೂ ಒಂದೊಂದು ಕುಲದ ಹೆಸರು ಕೊರೆದಿರ್ತಾರೆ. ಅದರಾಗ ಇದು ಒಂಬತ್ತನೇದು."

ಅಕ್ಕನಾಗಮ್ಮನ ಕೈ ತಾನಾಗಿ ತನ್ನ ಎದೆಯ ಮೇಲಿನ ಲಿಂಗಕ್ಕೆ ಹೋಯಿತು.

"ಕೊನೇ ಭಾಗದಾಗ ಇನ್ನೊಮ್ಮೆ ಬರ್ತತಿ. ಆಕಾಶದಿಂದ ಇಳಿಯೋ ಒಂದು ಪಟ್ಟಣ. ಅದರ ಗೋಡೆಗೆ ಹನ್ನೆರಡು ಅಡಿಗಲ್ಲು. ಕಟ್ಟಕಡೇದು ಇದು. ಬರೆದೋನು ಇದನ್ನ ಬೇಕಂತಲೇ ಕಡೇಗಿಟ್ಟಾನೆ, ಪೂರ್ತಿ ಎಚ್ಚರ ಆಗದೆ ಆ ಗೋಡೆ ಮುಗಿಯಲ್ಲ ಅನ್ನೋದು ನಮ್ಮೋರ ಲೆಕ್ಕ. ಎಲ್ರೂ ಒಪ್ತಿರಲಿಲ್ಲ. ಆ ಪಟ್ಟಣದಾಗ ರಾತ್ರಿನೇ ಇಲ್ಲ. ಬಾಗಿಲು ಹಾಕೋ ಪ್ರಮೇಯನೇ ಬರಲ್ಲ. ಆದ್ರೂ ಸುಳ್ಳು ಹೊತ್ತವರು ಒಳಗೆ ಹೋಗಂಗಿಲ್ಲ."

ರಾತ್ರಿಯಿಲ್ಲ ಎಂಬ ಮಾತು ಕೇಳಿ ಅಕ್ಕನಾಗಮ್ಮನಿಗೆ 'ಕತ್ತಲೇನೇ ಆಗವಲ್ದವ್ವ' ಎಂದ ಮಗನ ಮಾತು ನೆನಪಾಯಿತು.

"ಈಗ ನಾನು ಯಾಕ ಮಾರಿದೆ ಅಂತ ಕೇಳ್ರಿ," ಆರೋಗ್ಯಮ್ಮ ದನಿ ತಗ್ಗಿಸಿದಳು. "ಕಡೇ ತಿಂಗಳು ನಮ್ಮೋರಿಗೂ ನಿದ್ದಿ ಹೋಯ್ತು. ಕಣ್ಣು ಮುಚ್ಚಿದ್ರೂ ಬೆಳಕು ಅಂತಿದ್ರು. ಯಾವ ಗುಳಿಗೀನೂ ನಾಟಲಿಲ್ಲ. ಒಂದಿನ ಮಧ್ಯಾಹ್ನ ನನ್ನ ಕೂಡ್ರಿಸ್ಕೊಂಡು, ಮದುವಿ ಆದಾಗಿಂದ ಮುಚ್ಚಿಟ್ಟಿದ್ದ ಒಂದು ವಿಷಯ ಹೇಳಿದ್ರು. ಏನು ಅಂತ ಕೇಳಬ್ಯಾಡ್ರಿ. ಹೇಳಿ ಮುಗಿಸಿ ಅಲ್ಲೇ ಮಲಗಿದ್ರು. ಅವತ್ತಿಂದ ಸಾಯೋವರೆಗೂ ಕೂಸಿನಂಗ ನಿದ್ದಿ ಮಾಡಿದ್ರು. ಆ ಹರಳನ್ನ ಮನ್ಯಾಗ ಇಟ್ಕೊಳ್ಳೋ ಧೈರ್ಯ ನನಗಿಲ್ಲ ನೋಡ್ರಿ. ಅಂಥ ಮುಚ್ಚಿಟ್ಟ ವಿಷಯ ನನ್ನ ಹತ್ರನೂ ಒಂದೆರಡು ಅದಾವೆ."

ಬಾಗಿಲವರೆಗೆ ಬಂದು ಬೀಳ್ಕೊಡುವಾಗ ಅವಳು ಮತ್ತೆ ಅಂದಳು. "ನಿಮ್ಮ ಮಗ ನಿದ್ದಿಗೆ ಕಾಯ್ತಿಲ್ಲಮ್ಮ. ಮಾತಿಗೆ ಕಾಯ್ತಾನೆ."

ಯಾವ ಮಾತು ಎಂದು ಅಕ್ಕನಾಗಮ್ಮನಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಅದನ್ನೇ ನೆನೆದಳು. ಹೇಳಿದರೆ ಮಗ ಮುಖ ನೋಡದೆ ಎದ್ದು ಹೋಗಬಹುದು. ಅಣ್ಣನನ್ನು ಕೊಂದವಳು ನೀನೇ ಎನ್ನಬಹುದು. ಹೇಳದಿದ್ದರೆ ಅವನು ಉಳಿಯುವುದಿಲ್ಲ. ಜೀವ ಉಳಿದ ಮಗ ಶಾಪ ಹಾಕಿದರೂ ಸರಿ ಎಂದು ದಾವಣಗೆರೆ ಬರುವಷ್ಟರಲ್ಲಿ ಗಟ್ಟಿ ಮನಸ್ಸು ಮಾಡಿದಳು.

ಮನೆಗೆ ಬಂದಾಗ ಮೂರು ಗಂಟೆ. ಮಹಾಂತೇಶ ಭಟ್ಟಿಗೆ ಹೋಗಿರಲಿಲ್ಲ. ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದ, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಅಕ್ಕನಾಗಮ್ಮ ಅವನೆದುರು ಕೂತಳು. ಅವಳು ಬಾಯಿ ತೆರೆಯುವ ಮುಂಚೆ ಅವನೇ ಕೇಳಿದ.

"ಅವ್ವ, ಅಣ್ಣನ ಹರಳು ಇಟ್ಕೊಂಡಿದ್ದಾಗ ನಿಂಗೇನು ಕಂಡಿತ್ತು?"

ಇಷ್ಟು ಗಟ್ಟಿ ಮಾಡಿಕೊಂಡು ಬಂದಿದ್ದರೂ ಹಸಿರು ಹೊಲವೇ ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಿಕೊಂಡಳು.

"ನೀರು ಕಂಡಿತಪ್ಪ. ಕೊಟ್ರ ಎದೆಮಟ್ಟ ನೀರಾಗ ನಿಂತಿದ್ದ. ನನಗೆ ಜನ್ಮದಾಗ ಬಿದ್ದ ಕನಸು ಅದೊಂದೇ. ಉಳಿದಿದ್ದೆಲ್ಲ ನಾನು ಕಟ್ಟಿ ಹೇಳಿದ್ದು. ಅದಕ್ಕೇ ಅದನ್ನೂ ನಂಬಲಿಲ್ಲ. ಚಲೋ ಐತೆ ಅಂದೆ. ನಾನು ಕೂಗಿದ್ದು ನೀನು ಕೇಳಿಸ್ಕೊಂಡಿದ್ದಿ ಅಂತ ಗೊತ್ತಿತ್ತು. ನೀನು ಕುಡಿಯೋದು ಅದಕ್ಕೇ ಅಂತಾನೂ ಗೊತ್ತಿತ್ತು. ಬೈ, ಹೊಡಿ, ಏನಾರ ಮಾಡು. ಸಾಯಬ್ಯಾಡ."

ಮಹಾಂತೇಶ ಅವಳನ್ನೇ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

"ನೀನು ಕೂಗ್ಲೇ ಇಲ್ಲವ್ವ," ಅಂದ. "ನಂಗೂ ಬಿದ್ದಿತ್ತು."

"ಏನು?"

"ಅದೇ. ಕಂದು ನೀರು. ಅಣ್ಣ ಎದೆಮಟ್ಟ. ತಲೆಯಿಂದ ನೀರು ಇಳೀತಿತ್ತು, ಸದ್ದಿರಲಿಲ್ಲ."

ಸದ್ದಿನ ಮಾತನ್ನು ಅವಳು ಹೇಳಿರಲಿಲ್ಲ. ಹೊರಗೆ ಓಣಿಯಲ್ಲಿ ಯಾರೋ ಬಿಂದಿಗೆ ಇಟ್ಟ ಸದ್ದಾಯಿತು.

"ನನಗೆ ಬೆನ್ನು ಅಷ್ಟೇ ಕಂಡಿದ್ದು," ಎಂದಳು ಮೆಲ್ಲಗೆ. "ಕರೆದ್ರೂ ತಿರುಗಲಿಲ್ಲ."

"ಅವನು ನನ್ನ ಕಡೆ ತಿರುಗಿದ್ದ. ಅವ್ವನ್ನ ಎಬ್ಬಿಸು ಅಂದ. ಎರಡು ಸಲ ಅಂದ. ಕಣ್ಣು ಬಿಟ್ಟು ನೋಡಿದ್ರೆ ನೀನು ಎದ್ದು ಕುಂತಿದ್ದಿ. ಎದ್ದಾಳಲ್ಲ, ಇನ್ನೇನು ಎಬ್ಬಿಸೋದು ಅಂತ ಸುಮ್ಮನಾದೆ. ಆಮೇಲೆ ಚಾ ಕುಡಿಯೋವಾಗ ನೀನು ಹಸಿರು ಹೊಲ ಅಂದಿ. ಊರಿಗೆಲ್ಲ ಹೇಳೋಳು ನೀನು, ನಿನ್ನ ಮುಂದೆ ನನ್ನ ಕನಸು ಯಾವ ಮೂಲೆಗೆ ಅಂತ ಬಾಯಿ ಬಿಡಲಿಲ್ಲ." ಅವನು ಪಕ್ಕದ ಖಾಲಿ ಜಾಗದ ಕಡೆ ಒಮ್ಮೆ ನೋಡಿದ. "ಕುಡಿದ್ರೆ ಅವನು ಬರ್ತಿರಲಿಲ್ಲ. ಈಗ ಬಿಡವಲ್ಲ. ಅವ್ವನ್ನ ಎಬ್ಬಿಸು, ಅವ್ವನ್ನ ಎಬ್ಬಿಸು ಅಂತ ಒಂದೇ ಸಮ."

ಇಷ್ಟು ವರ್ಷ ಒಂದೇ ಸೂರಿನ ಕೆಳಗೆ, ಒಂದೇ ಕನಸನ್ನು ಇಬ್ಬರೂ ಬೇರೆ ಬೇರೆ ಹೊತ್ತುಕೊಂಡು ತಿರುಗಿದ್ದರು. ಅಕ್ಕನಾಗಮ್ಮನಿಗೆ ಎದೆ ಒಡೆದುಹೋಗುವಂಥ ದುಃಖ ಉಕ್ಕಿತು. ಅವಳು ಸರಿದು ಬಂದು ಮಗನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಎದ್ದೀನಪ್ಪ," ಅಂದಳು. "ಅವ್ವ ಎದ್ದಾಳೆ ಅಂತ ಅವನಿಗೆ ಹೇಳು."

ಮಹಾಂತೇಶ ಕಣ್ಣು ಮುಚ್ಚಿದ. ತುಟಿ ಒಮ್ಮೆ ಅಲುಗಿತು, ಏನೆಂದು ಅವಳಿಗೆ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ತಲೆ ಅವಳ ಹೆಗಲಿಗೆ ವಾಲಿತು, ಉಸಿರು ಭಾರವಾಗಿ, ನಿಧಾನವಾಗಿ ಬರತೊಡಗಿತು. ಅವನ ಕೈ ಬಿಡದೆ ಅವಳು ಹಾಗೇ ಕೂತಳು.